ಯಾಣಕ್ಕೆ ಲೈಕು, ಕಾರವಾರಕ್ಕೆ ಕ್ರಷರು

ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ ಅಂತ ನಮ್ಮ ಕಡೆ ಹಳೆಯ ಮಾತು. ಈಗ ಮೊಬೈಲ್ ಇದ್ದವರೆಲ್ಲ ಯಾಣಕ್ಕೇ. ಹೋದವರು ಸುಮ್ನೆ ವಾಪಸ್ ಬರುವುದಿಲ್ಲ, ಭೂವಿಜ್ಞಾನಿಗಳಾಗಿ ಬರುತ್ತಾರೆ. ಭೈರವೇಶ್ವರ ಶಿಖರದ ಬುಡದಲ್ಲಿ ನಿಂತು, ಎರಡೂ ಕೈ ಚಾಚಿ, "ಫ್ರೆಂಡ್ಸ್, ಇದು ಜ್ವಾಲಾಮುಖಿ ಉಕ್ಕಿ ಆದ ಲಾವಾ ಕಲ್ಲು!" ಹಿಂದೆ ಡೊಳ್ಳಿನ ಸದ್ದು. ಕೆಳಗೆ ಬೆಂಕಿಯ ಇಮೋಜಿ, ಸಾಲಾಗಿ.

ಅದು ಸುಣ್ಣದ ಕಲ್ಲು ಮಾರಾಯ್ರೆ. ನೀರಿನಡಿ ಪದರ ಪದರವಾಗಿ ಕೂತು ಗಟ್ಟಿಯಾದ ಜಾತಿ. ಘಟ್ಟದ ಮಳೆ ಅದನ್ನು ಕರಗಿಸಿ, ಕೊರೆದು, ಸೀಳಿ 120 ಮೀಟರ್ ಎತ್ತರದ ಶಿಖರ ಮಾಡಿಟ್ಟಿದೆ. ಮೈ ಕಪ್ಪಗಿದೆ, ನಿಜ. ಕಪ್ಪಗಿದ್ದದ್ದೆಲ್ಲ ಲಾವಾ ಅನ್ನುವುದಾದರೆ ನಮ್ಮನೆ ದೋಸೆ ಕಾವಲಿಯೂ ಜ್ವಾಲಾಮುಖಿಯೇ. ಸ್ಥಳಪುರಾಣದ ಪ್ರಕಾರ ಅಲ್ಲಿಯ ಮಣ್ಣು ಕಪ್ಪಾದದ್ದು ಭಸ್ಮಾಸುರನ ಬೂದಿಯಿಂದ. ಅದೇ ವಾಸಿ. ಅದರಲ್ಲಿ ಮೋಹಿನಿಯ ಕುಣಿತವಾದರೂ ಇದೆ.

ಶಿಲಾರಸದಿಂದ ಹುಟ್ಟಿದ ಕಲ್ಲೇ ಬೇಕಿದ್ದರೆ ಇವರು ಕಾಡು ಹೊಕ್ಕು ಉಂಬಳಕ್ಕೆ ರಕ್ತ ಕೊಡಬೇಕಿರಲಿಲ್ಲ. ಕಾರವಾರದ ಸುತ್ತಮುತ್ತ ಗುಡ್ಡಗುಡ್ಡವೇ ಇದೆ. ಗ್ರಾನೈಟಿನ ಬಳಗದ್ದು. ಭೂಮಿಯೊಳಗೆ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಹೊರಗೆ ಉಕ್ಕುವ ಗಡಿಬಿಡಿ ಇಲ್ಲದೆ, ನಿಧಾನಕ್ಕೆ ತಣಿದದ್ದು. ಹಾಗಾಗಿಯೇ ಹರಳು ದೊಡ್ಡದು. ಹೊಸದಾಗಿ ಒಡೆದ ಒಂದು ಚೂರನ್ನು ಬಿಸಿಲಿಗೆ ಹಿಡಿದು ನೋಡಿ. ಗಾಜಿನ ಹಾಗೆ ಬೆಣಚು, ಮಸುಕು ಬಿಳಿಯ ಫೆಲ್ಡ್‌ಸ್ಪಾರ್, ಮಿಣಮಿಣ ಅನ್ನುವ ಕರಿ ಅಭ್ರಕ, ಬರಿಗಣ್ಣಿಗೇ ಬೇರೆಬೇರೆ ಕಾಣುತ್ತವೆ. ವಯಸ್ಸು 300 ಕೋಟಿ ವರ್ಷಕ್ಕೂ ಜಾಸ್ತಿ. ಹೆಚ್ಚುಕಡಿಮೆ ಇದೇ ವಯಸ್ಸಿನ ದಾಯಾದಿಗಳು ಮಡಗಾಸ್ಕರ್‌ನ ಈಶಾನ್ಯ ಕರಾವಳಿಯಲ್ಲಿದ್ದಾರೆ. ಆಸ್ತಿ ಪಾಲಾಗಿ ನಡುವೆ ಸಮುದ್ರ ಬಂತು, ಅಷ್ಟೇ.

ಇಂಥ ಹಿರಿಯನಿಗೆ ನಮ್ಮಲ್ಲಿ ಇರುವ ಹೆಸರು 40 ಎಂಎಂ ಜಲ್ಲಿ. ಸ್ವಲ್ಪ ಜಾಸ್ತಿ ಪುಡಿಯಾದರೆ 20 ಎಂಎಂ. ಕ್ರಷರಿನ ಬಾಯಿಗೆ ಹಾಕುವಾಗ ಯಾರೂ ಕೈ ಚಾಚಿ ರೀಲ್ಸ್ ಮಾಡುವುದಿಲ್ಲ.

ನಿಜವಾದ ಲಾವಾ ಇಲ್ಲವೇ ಇಲ್ಲ ಅಂತಲ್ಲ. ಬೆಳಗಾವಿ ದಾಟಿ ಉತ್ತರಕ್ಕೆ ಹೋದರೆ 6.6 ಕೋಟಿ ವರ್ಷದ ಕರಿ ಬಸಾಲ್ಟು ಬೇಕಾದಷ್ಟಿದೆ. ದಕ್ಷಿಣಕ್ಕೆ ಹೋದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಅಲ್ಲಿ ಲಾವಾ ತಣಿಯುವಾಗ ಕುಗ್ಗಿ, ಬಿರಿದು, ಕಂಬ ಕಂಬವಾಗಿ ನಿಂತಿದೆ. ನಮ್ಮ ರೀಲ್ಸ್ ವಿಜ್ಞಾನಿ ಅಲ್ಲಿಗೂ ಹೋಗುತ್ತಾನೆ. ಕಂಬ ತಟ್ಟಿ ನೋಡಿ, "ಇದನ್ನು ಯಾವ ರಾಜ ಕೆತ್ತಿಸಿದ್ದು?" ಅನ್ನುತ್ತಾನೆ.

ನಾವೇನು ಕಮ್ಮಿ? ಊರ ಗುಡ್ಡವನ್ನು ಜಲ್ಲಿ ಮಾಡಿ ಲಾರಿ ಹತ್ತಿಸಿ, ಅಡುಗೆಮನೆ ಕಟ್ಟೆಗೆ ಇಳಕಲ್ಲಿನ ಕೆಂಪು ಗ್ರಾನೈಟ್ ತರಿಸುತ್ತೇವೆ. ಉಳಿದ ಜಲ್ಲಿಗೆ ಸಿಮೆಂಟ್ ಕಲಸಿ, ಪಾರ್ಕಿನಲ್ಲಿ ಬಂಡೆಯ ಆಕಾರ ಮಾಡಿ, ಬಂಡೆಯ ಬಣ್ಣ ಬಳಿದು, ಉದ್ಘಾಟನೆಗೆ ದೊಡ್ಡವರನ್ನು ಕರೆಯುತ್ತೇವೆ. ಆಷಾಢದ ಮಳೆಗೆ ಬಣ್ಣ ಕಿತ್ತುಹೋದರೆ ಚಿಂತೆಯಿಲ್ಲ, ನವರಾತ್ರಿಯೊಳಗೆ ಮರುಟೆಂಡರ್ ಆಗುತ್ತದೆ.