ಮ್ಯುಟೇಶನ್ ಎಂದರೆ ಕ್ಯಾನ್ಸರ್ ಅಲ್ಲ
ಮ್ಯುಟೇಶನ್, ಅಂದರೆ ಕೋಶದ ಡಿಎನ್‌ಎಯಲ್ಲಾಗುವ ಬದಲಾವಣೆ, ಕಂಡರೆ ಕ್ಯಾನ್ಸರ್ ಶುರುವಾಯಿತು ಎಂಬಂತೆ ನಾನು ಓದಿದ ಒಂದು ಲೇಖನದಲ್ಲಿದೆ, ಅದು ಸರಿಯಲ್ಲ. ಆರೋಗ್ಯವಂತರ ದೊಡ್ಡ ಕರುಳಿನ ಒಂದೊಂದು ಕಾಂಡಕೋಶದಲ್ಲೂ (ಹೊಸ ಕೋಶಗಳನ್ನು ಹುಟ್ಟಿಸುವ ಮೂಲಕೋಶ) ವರ್ಷಕ್ಕೆ ಸುಮಾರು 40 ಹೊಸ ಮ್ಯುಟೇಶನ್ ಸೇರುತ್ತವೆ, ರಕ್ತದ ಕಾಂಡಕೋಶದಲ್ಲಿ 15–20. ಬಹುಪಾಲು ನಿರುಪದ್ರವಿ. ಅನ್ನನಾಳದ ಕಥೆ ಇನ್ನೂ ಸ್ವಾರಸ್ಯ: ನಡುವಯಸ್ಸು ದಾಟಿದವರಲ್ಲಿ ನಾಚ್1 ಎಂಬ ಜೀನ್ ಮ್ಯುಟೇಶನ್‌ನಿಂದ ಕೆಟ್ಟಿರುವ ಕೋಶಗಳು ಒಳಪದರದ ಬಹುಭಾಗ ಹರಡಿರುತ್ತವೆ ಎಂದು 2018ರಲ್ಲಿ ಗೊತ್ತಾಯಿತು, ಅಲ್ಲಿನ ಕ್ಯಾನ್ಸರ್ ಗಡ್ಡೆಗಳಲ್ಲಿ ಅದೇ ಮ್ಯುಟೇಶನ್ ಕಡಿಮೆ! ಗಡ್ಡೆಗಳಲ್ಲಿ ಹೆಚ್ಚು ಕಾಣುವುದು ಟಿಪಿ53 ಎಂಬ ಜೀನ್‌ನ ಮ್ಯುಟೇಶನ್. ಡಿಎನ್‌ಎ ಹಾಳಾದ ಕೋಶವನ್ನು ತಡೆಯುವ ಜೀನ್ ಅದು, ಅದೇ ಕೆಟ್ಟರೆ ಮುಂದಿನ ತಪ್ಪುಗಳಿಗೆ ತಡೆಯಿಲ್ಲ.

ಹಾಗೆಂದು ಕ್ಯಾನ್ಸರ್ ಬಗ್ಗೆ ಎಚ್ಚರ ಬೇಡವೆಂದಲ್ಲ. ಮಂಗಳೂರು, ಉಡುಪಿ ಕಡೆ ಊಟವಾದ ಮೇಲೆ ಎಲೆಯಡಿಕೆ ಹಾಕುವವರು ದಯವಿಟ್ಟು ಗಮನಿಸಿ: ಹೊಗೆಸೊಪ್ಪು ಬಿಟ್ಟರೂ ಅಡಿಕೆ ತಾನೇ ಕ್ಯಾನ್ಸರ್‌ಕಾರಕ. ಬಾಯಲ್ಲಿ ಬಿಳಿ ಮಚ್ಚೆಯೋ ಹುಣ್ಣೋ ಎರಡು ವಾರ ಕಳೆದರೂ ಮಾಯದಿದ್ದರೆ ದಂತವೈದ್ಯರಿಗೆ ತೋರಿಸಿ.