ಊರ ನೀರಿಗೆ ಊರೇ ಬಾಡಿಗೆ

ಏಪ್ರಿಲ್ ಬಂತು ಅಂದರೆ ಕಲಬುರಗಿ ಸೀಮೆಯಲ್ಲಿ ಬಿಸಿಲಿನ ಹಿಂದೆಯೇ ಒಂದು ಸುದ್ದಿ ಬರುತ್ತದೆ. ‘ಕುಡಿಯುವ ನೀರಿಗೆ ಖಾಸಗಿ ಬೋರ್‌ವೆಲ್ ಬಾಡಿಗೆಗೆ ಪಡೆಯಲು ಸೂಚನೆ.’ ಪೇಪರಿನವರು ಹೋದ ವರ್ಷದ್ದನ್ನೇ ಮತ್ತೆ ಅಚ್ಚು ಹಾಕಿದರೂ ಯಾರಿಗೂ ಗೊತ್ತಾಗುವುದಿಲ್ಲ.

ಆಳಂದ ಕಡೆಯ ನಮ್ಮೂರಲ್ಲೂ ಈ ಭಾಗ್ಯ ಬಂದಿದೆ. ಊರ ಬೋರು ಇನ್ನೂರು ಅಡಿ. ಪಕ್ಕದ ಹೊಲದ ಕಾಕಾ ಕಬ್ಬಿಗೆಂದು ಆರುನೂರು ಅಡಿ ಇಳಿಸಿದರು. ಕಾಯಿ ಒಡೆದರು, ಮೂರು ಇಂಚು ನೀರು ಬಿತ್ತು. ಊರ ಬೋರು ಗಾಳಿ ಉಗುಳಿತು. ಈಗ ಅದೇ ಕಾಕಾನ ಬೋರು ತಿಂಗಳ ಬಾಡಿಗೆಗೆ ಊರಿನ ದಾಹ ತೀರಿಸುತ್ತಿದೆ. ಎಂಥ ಉಪಕಾರ!

ಕಾಕಾನದೂ ತಪ್ಪಲ್ಲ ಬಿಡಿ. ಹೊಲ ಯಾರದೋ ಅದರಡಿಯ ನೀರೂ ಅವರದೇ ಅಂತ ಬ್ರಿಟಿಷರು 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಬರೆದಿಟ್ಟಿದ್ದಾರೆ. ಆಗ ನಾವು ನಿಜಾಮನ ಕೈಯಲ್ಲಿದ್ದೆವು. ಆದರೂ ಆ ಒಂದು ಮಾತು ಮಾತ್ರ ನಮ್ಮ ತಲೆಗೆ ಚೆನ್ನಾಗಿ ಹತ್ತಿದೆ. ನೀರಿಗೆ ಮಾತ್ರ ಪಹಣಿ ಓದಲು ಬರುವುದಿಲ್ಲ. ಬದು ನೋಡದೆ ಆಳ ಇದ್ದ ಕಡೆ ಹರಿದು ಹೋಗುತ್ತದೆ.

ಪಹಣಿ ಅಂದಾಗ ನಮ್ಮ ಬಾವಿ ನೆನಪಾಯಿತು. ಪಾಲುಪತ್ರದ ಪ್ರಕಾರ ಅದರ ಹದಿನಾರಾಣೆಯಲ್ಲಿ ನನಗೆ ಎರಡಾಣೆ ಪಾಲು. ಅಂದರೆ ಎಂಟು ದಿನಕ್ಕೊಮ್ಮೆ ನನ್ನ ಪಾಳಿ. ಬಾವಿ ಬತ್ತಿ ಹದಿನೈದು ವರ್ಷವಾಯಿತು. ಪಹಣಿಯಲ್ಲಿ ಇನ್ನೂ ತುಂಬಿದೆ. ದೊಡ್ಡಪ್ಪನ ಮಗ ಅದಕ್ಕೆ ಕಸ ಸುರಿಯಲು ಶುರು ಮಾಡಿದಾಗ ಜಗಳವೇ ಆಯಿತು. ಕಸ ಯಾಕೆ ಹಾಕುತ್ತೀ ಅಂತ ಅಲ್ಲ, ನನ್ನ ಪಾಳಿಯ ದಿನ ಯಾಕೆ ಹಾಕುತ್ತೀ ಅಂತ! ಈಗ ಒಳಗೆ ಪಾರಿವಾಳ ಜಾಸ್ತಿ. ಅವುಗಳಲ್ಲೂ ಎರಡಾಣೆ ನನ್ನವೇ ಅಲ್ವಾ?

ಬೀದರಿನ ನೌಬಾದ್‌ನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್. ನೆಲ ಬಸಿದಷ್ಟೇ ನೀರು, ತಾನಾಗಿಯೇ ಇಳಿಜಾರಿಗೆ ಹರಿದು ಬರುತ್ತದೆ. ಪಕ್ಕದವನಿಗಿಂತ ನೂರು ಅಡಿ ಕೆಳಗೆ ಹೋಗುವ ಜಾಣತನಕ್ಕೆ ಅಲ್ಲಿ ಜಾಗವೇ ಇಲ್ಲ. ಪಾಪ, ಹಳೇ ಕಾಲದವರು.

ನಮ್ಮ ಸರ್ಕಾರವೂ ಸುಮ್ನೆ ಕೂತಿಲ್ಲ. ಕುಡಿಯುವ ನೀರಿನ ಸಾರ್ವಜನಿಕ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ ಅಂತ 1999ರ ಕಾಯ್ದೆಯೇ ಇದೆ. 2011ರಲ್ಲಿ ಅಂತರ್ಜಲಕ್ಕೆ ಇನ್ನೊಂದು ಬಂತು. ಬೋರ್ ಗಾಡಿಗೂ ನೋಂದಣಿ ಬೇಕು. ಆದರೆ ಗಾಡಿ ಬರುವುದು ಮಧ್ಯರಾತ್ರಿ. ಆ ಹೊತ್ತಲ್ಲಿ ಟೇಪು ಹಿಡಿದು ಅಳೆಯುವವರು ಯಾರು?

ನಗು ಬರುತ್ತಿಲ್ಲ, ನಿಜ ಹೇಳುತ್ತೇನೆ. ಕಾಯ್ದೆಯ ಪುಸ್ತಕ ಇರುವುದೂ ಬಾಡಿಗೆಯ ಬಿಲ್ಲು ಪಾಸಾಗುವುದೂ ಸರ್ಕಾರದ ಹತ್ತಿರವೇ. 500 ಮೀಟರ್ ಒಮ್ಮೆ ಅಳೆದಿದ್ದರೆ ಬಾಡಿಗೆಯೇ ಬೇಕಿರಲಿಲ್ಲ. ಒಂದು ಗುಂಟೆ ಹೊಲವೂ ಇಲ್ಲದ ಹೆಂಗಸರು ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಕೊಡ ಸಾಲಿಟ್ಟು ಕೂರುತ್ತಾರೆ. ಅವರ ಹೆಸರಿನಲ್ಲಿ ಪಹಣಿ ಇಲ್ಲ, ಆದ್ದರಿಂದ ನೀರೂ ಇಲ್ಲ. ಇದನ್ನು ಪ್ರತಿ ವರ್ಷ ಬರೆದು ಬರೆದು ಸಾಕಾಗಿದೆ.

ಮೊನ್ನೆ ಕೇಳಿದೆ, “ಕಾಕಾ, ನೀರು ಯಾವಾಗ ಬಿಡ್ತೀರಿ?”

“ಕರೆಂಟು ರಾತ್ರಿ ಎರಡಕ್ಕೆ ಬರ್ತದ. ಮೊದಲು ಕಬ್ಬಿಗೆ ಆಗ್ಲಿ ತಗೋ.”