ಗೋಡೆಯಿಲ್ಲದ ಲಕೋಟೆಗಳು

ಬಜೆಟ್ ಆ್ಯಪ್ ಹಾಕಿಕೊಂಡವರಿಗೆ ಮೊದಲ ಸಂಜೆ ಸಿಗುವ ದೊಡ್ಡ ಸುಖ ಲಕೋಟೆಗಳಿಗೆ, ಅಂದರೆ ಹಣ ಹಂಚಿಡುವ ಖಾನೆಗಳಿಗೆ, ಹೆಸರಿಡುವುದು. ಬಾಡಿಗೆ, ದಿನಸಿ, ಕರೆಂಟು, ಶಾಲೆ ಫೀಜು, ಔಷಧ, ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಕಲ್ಪನಾವಿಲಾಸ ಶುರುವಾಗುವುದು ಆಮೇಲೆ. ‘ಪ್ರವಾಸ’ ಎಂದೊಂದು, ‘ಆಪತ್ಕಾಲ’ ಎಂದೊಂದು, ‘ಸಂಗೀತ ಕಲಿಕೆ’ ಎಂದು ಮತ್ತೊಂದು. ಪ್ರತಿಯೊಂದಕ್ಕೂ ಪುಟ್ಟ ಚಿತ್ರ, ಬೇರೆ ಬೇರೆ ಬಣ್ಣ. ಬಿಡಿಗಾಸು ಉಳಿದಿರುವುದಿಲ್ಲ, ಆದರೂ ಮನೆವಾರ್ತೆ ಪೂರ್ತಿ ಹತೋಟಿಗೆ ಬಂತೆಂಬ ನೆಮ್ಮದಿಯಲ್ಲಿ ನಿದ್ದೆ ಬರುತ್ತದೆ. ಆ ನಿದ್ದೆಯೊಂದಕ್ಕೇ ಆ್ಯಪಿನ ಚಂದಾ ಕೊಡಬಹುದು ಎನ್ನುವವಳು ನಾನು. ಚಂದಾಗೂ ಒಂದು ಲಕೋಟೆ ಬೇಕು ಎಂಬುದು ಬೇರೆ ಮಾತು.

ಕಾಗದದ ಲಕೋಟೆಗಳ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ಸಂಬಳ ಬಂದ ದಿನ ನೋಟುಗಳನ್ನು ಹಂಚಿ ಒಂದೊಂದು ಲಕೋಟೆಗೆ ತುಂಬಿಡುವುದು, ಖಾಲಿಯಾದದ್ದಕ್ಕೆ ಮುಂದಿನ ಸಂಬಳದವರೆಗೆ ಕೈ ಹಾಕದಿರುವುದು. ಆ್ಯಪಿನಲ್ಲಿ ಹಣ ಎಲ್ಲಿಗೂ ಹೋಗುವುದಿಲ್ಲ. ಅದೇ ಬ್ಯಾಂಕಿನ ಅದೇ ಖಾತೆಯಲ್ಲಿ ಅಖಂಡವಾಗಿ ಕೂತಿರುತ್ತದೆ. ಹಂಚಿಕೆ ಆಗುವುದು ಪರದೆಯ ಮೇಲೆ ಮಾತ್ರ. ಎಲ್ಲ ಲಕೋಟೆಗಳ ಮೊತ್ತವೂ ಇನ್ನೂ ಹಂಚದೆ ಉಳಿದದ್ದೂ ಸೇರಿ ಖಾತೆಯ ಮೊತ್ತಕ್ಕೆ ತಾಳೆಯಾದರೆ ಸರಿ. ಇದರಲ್ಲಿ ಇಷ್ಟು ‘ಔಷಧ’, ಇಷ್ಟು ‘ಸಂಗೀತ’ ಎಂದು ಬ್ಯಾಂಕಿಗೆ ಗೊತ್ತೇ ಇಲ್ಲ.

ಇದನ್ನು ಕೇಳಿ ಅರ್ಥಶಾಸ್ತ್ರಜ್ಞರು ನಗಬೇಕು. ಅವರ ಶಾಸ್ತ್ರದ ಪ್ರಕಾರ ಹಣವೆಲ್ಲ ಒಂದೇ, ಯಾವ ನೋಟಿನ ಮೇಲೂ ಅದರ ಉದ್ದೇಶ ಅಚ್ಚಾಗಿರುವುದಿಲ್ಲ. ಮನುಷ್ಯರು ಮಾತ್ರ ತಲೆಯೊಳಗೆ ಹಣಕ್ಕೆ ಬೇರೆ ಬೇರೆ ಖಾನೆ ಮಾಡಿಕೊಂಡು, ಒಂದು ಖಾನೆಯಲ್ಲಿ ಜಿಪುಣರಾಗಿ ಇನ್ನೊಂದರಲ್ಲಿ ಧಾರಾಳಿಗಳಾಗಿರುತ್ತಾರೆ. ರಿಚರ್ಡ್ ಥೇಲರ್ 1985ರ ಪ್ರಬಂಧವೊಂದರಲ್ಲಿ ಈ ಮನದ ಲೆಕ್ಕವನ್ನು ವಿವರಿಸಿದರು. ಇಂಥ ಮನುಷ್ಯಸ್ವಭಾವಗಳನ್ನು ಅರ್ಥಶಾಸ್ತ್ರದೊಳಕ್ಕೆ ತಂದದ್ದಕ್ಕೆ 2017ರಲ್ಲಿ ಅವರಿಗೆ ನೊಬೆಲ್ ಬಂತು. ಶಾಸ್ತ್ರ ಯಾವುದನ್ನು ದೌರ್ಬಲ್ಯ ಎಂದು ಪಟ್ಟಿ ಮಾಡಿತೋ ಅದನ್ನೇ ಊರುಗೋಲು ಮಾಡಿಕೊಂಡವು ಈ ಆ್ಯಪ್‌ಗಳು. ಹೇಗೂ ಖಾನೆ ಮಾಡದೆ ಬಿಡುವ ಜನವಲ್ಲ ಇವರು, ಖಾನೆಗಳು ಕಣ್ಣಿಗೆ ಕಾಣುವಂತಾದರೂ ಇರಲಿ ಎಂದು.

ಖರ್ಚಿನ ಲೆಕ್ಕದ ಆ್ಯಪ್‌ಗಳೆಲ್ಲ ಒಂದೇ ಜಾತಿಯವಲ್ಲ. ಬಹಳಷ್ಟು ಆ್ಯಪ್‌ಗಳು ತಿಂಗಳ ಕೊನೆಗೆ ಬಣ್ಣಬಣ್ಣದ ಚಕ್ರ ಬರೆದು, ನಿಮ್ಮ ಹಣ ಹೀಗೆ ಹೀಗೆ ಹೋಯಿತು ಎನ್ನುತ್ತವೆ. ಹೋದದ್ದು ನಮಗೂ ಗೊತ್ತಿತ್ತಲ್ಲ! ಲಕೋಟೆ ಪದ್ಧತಿಯವು ಖರ್ಚಿಗೆ ಮುಂಚೆಯೇ ಬಾಯಿ ಹಾಕುತ್ತವೆ. ಜೆಸ್ಸಿ ಮೆಕಮ್ ಎಂಬಾತ ಅಕೌಂಟಿಂಗ್ ಓದುತ್ತಿದ್ದಾಗ ಸ್ವಂತ ಸಂಸಾರಕ್ಕೆಂದು ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡಿದ್ದ. 2004ರಲ್ಲಿ ಅದನ್ನೇ ಮಾರಾಟಕ್ಕಿಟ್ಟ. ಈಗ ವೈನ್ಯಾಬ್ ಎಂದು ಹೆಸರಾಗಿರುವ ಆ್ಯಪ್ ಬೆಳೆದದ್ದು ಅದರಿಂದ. ಪ್ರತಿ ಡಾಲರಿಗೂ ಒಂದು ಕೆಲಸ ಹಚ್ಚಬೇಕು ಎಂಬುದು ಅದರ ಮೊದಲ ನಿಯಮ. ಹಂಚುವುದು ಕೈಗೆ ಬಂದಿರುವ ಹಣವನ್ನು ಮಾತ್ರ. ಮುಂದಿನ ವಾರ ಬರಬಹುದಾದ ಬೋನಸ್ಸಿಗೆ ಅಲ್ಲಿ ಜಾಗವಿಲ್ಲ. ಈ ಒಂದು ನಿಯಮಕ್ಕೇ ನಮ್ಮ ಮನೆಯವರು ಆ್ಯಪಿನ ಮೇಲೆ ಮುನಿಸಿಕೊಂಡದ್ದು. ಅವರ ಅರ್ಧ ಯೋಜನೆಗಳು ನಿಂತಿರುವುದು ಬರಲಿರುವ ಹಣದ ಮೇಲೆ.

ಬ್ಯಾಂಕಿನಿಂದ ಖರ್ಚುಗಳನ್ನು ತಾನಾಗಿ ಎಳೆದುಕೊಳ್ಳುವ ಸೌಲಭ್ಯವೂ ಹಲವು ಆ್ಯಪ್‌ಗಳಲ್ಲಿದೆ. ನನಗದು ಬೇಡ. ಡ್ರಾಜೆನ್ ಪ್ರೆಲೆಕ್, ಡಂಕನ್ ಸಿಮೆಸ್ಟರ್ ಎಂಬ ಇಬ್ಬರು ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಬ್ಯಾಸ್ಕೆಟ್‌ಬಾಲ್ ಪಂದ್ಯದ ಟಿಕೆಟ್ಟುಗಳನ್ನು ವಿದ್ಯಾರ್ಥಿಗಳ ನಡುವೆ ಹರಾಜಿಗಿಟ್ಟರು. ಗೆದ್ದರೆ ನಗದು ಕೊಡಬೇಕು ಎಂದು ಕೆಲವರಿಗೆ ಹೇಳಿದರು, ಕಾರ್ಡ್ ಉಜ್ಜಬೇಕು ಎಂದು ಉಳಿದವರಿಗೆ. ಕಾರ್ಡಿನವರು ಕೂಗಿದ ಸರಾಸರಿ ಬೆಲೆ ನಗದಿನವರದಕ್ಕಿಂತ ಎರಡು ಪಟ್ಟಿಗೂ ಹೆಚ್ಚು! ಎಣಿಸಿ ಕೊಡುವಾಗ ಕೈಗೆ ಆಗುವ ನೋವು ಉಜ್ಜುವಾಗ ಆಗುವುದಿಲ್ಲ. ಅಂಗಡಿಯಿಂದ ಹೊರಬಂದು ನಿಂತು, ಫೋನ್ ತೆಗೆದು, ಅಂಕಿ ಒತ್ತಿ, ಲಕೋಟೆ ಆರಿಸಿ, ಅದರ ಹೊಟ್ಟೆ ಇಳಿಯುವುದನ್ನು ನೋಡುವಾಗ ಆ ನೋವಿನ ಒಂದು ಚೂರಾದರೂ ವಾಪಸ್ಸು ಬರುತ್ತದೆ. ಆ್ಯಪ್ ತಾನೇ ಬರೆದುಕೊಂಡುಬಿಟ್ಟರೆ ಅದೂ ಹೋಯಿತು.

ಇನ್ನು ಮುಖ್ಯ ಸಂಗತಿ. ಈ ಲಕೋಟೆಗಳಿಗೆ ಗೋಡೆಯೇ ಇಲ್ಲ. ‘ಹೊರಗಿನ ಊಟ’ ಖಾಲಿಯಾಗಿ ಅಂಕಿ ಕೆಂಪಾಯಿತು ಅನ್ನಿ, ಆ್ಯಪೇನು ಅಡ್ಡ ನಿಲ್ಲುವುದಿಲ್ಲ. ‘ಎಲ್ಲಿಂದ ತುಂಬಲಿ?’ ಎಂದು ವಿನಯವಾಗಿ ಕೇಳುತ್ತದೆ. ‘ಬಟ್ಟೆ’ಯಿಂದ ಇಷ್ಟು ಎಂದು ಒತ್ತಿದರೆ ಮುಗಿಯಿತು, ಕೆಂಪು ಹಸಿರಾಗುತ್ತದೆ. ಇವನ ಟೋಪಿ ಅವನಿಗೆ, ಅವನ ಟೋಪಿ ಇವನಿಗೆ. ಹಾಗಾದರೆ ಇಷ್ಟೆಲ್ಲ ಯಾಕೆ ಎಂದು ನಮ್ಮವರು ಕೇಳಿದ್ದರು. ಆಗ ನನಗೂ ಉತ್ತರ ಹೊಳೆಯಲಿಲ್ಲ. ಈಗ ಹೊಳೆದಿದೆ. ಆ್ಯಪ್ ಖರ್ಚನ್ನು ತಡೆಯುವುದಿಲ್ಲ ನಿಜ, ಆದರೆ ಆ ಖರ್ಚು ಯಾರ ಪಾಲಿನದು ಎಂದು ಬಾಯಿಬಿಡಿಸುತ್ತದೆ. ಮುಂಚೆ ಹೊರಗೆ ಊಟ ಮಾಡಿದರೆ ಹಣ ಹೋಗುತ್ತಿತ್ತು, ಅಷ್ಟೇ. ಈಗ ಊಟ ಮಾಡಿದರೆ ಮಗಳ ಸಂಗೀತವೋ ನನ್ನ ಕನ್ನಡಕವೋ ಹೋಗುತ್ತದೆ, ಅದೂ ಹೆಸರು ಹಿಡಿದು.

ಹೀಗೆ ಕೆಲವು ತಿಂಗಳು ನಡೆದರೆ ಪ್ರತಿ ಮನೆಯಲ್ಲೂ ಒಂದು ಬಡಪಾಯಿ ಲಕೋಟೆ ಎದ್ದು ಕಾಣತೊಡಗುತ್ತದೆ. ಬಾಡಿಗೆಯನ್ನು ಯಾರೂ ಮುಟ್ಟುವುದಿಲ್ಲ, ಕೇಳಲು ಮಾಲೀಕರಿದ್ದಾರೆ. ಶಾಲೆಯ ಫೀಜಿಗೆ ಗಡುವಿದೆ. ಮಕ್ಕಳ ಲಕೋಟೆಗೆ ಕೈ ಹಾಕಿದರೆ ಮಕ್ಕಳೇ ಬಾಯಿ ಮಾಡುತ್ತಾರೆ. ಯಾರ ಒತ್ತಾಯವೂ ಇಲ್ಲದ, ಇಂದಲ್ಲ ನಾಳೆ ಆದೀತು ಎನ್ನಬಹುದಾದ ಒಂದಿರುತ್ತದೆ ನೋಡಿ, ಎಲ್ಲರ ಕೈಯೂ ಹೋಗುವುದು ಅದಕ್ಕೇ. ಒಂದು ಮನೆಯಲ್ಲಿ ಅದು ಪ್ರವಾಸ, ಇನ್ನೊಂದರಲ್ಲಿ ಅಮ್ಮನ ಹಲ್ಲಿನ ಚಿಕಿತ್ಸೆ. ಹಣ ಸರಿಸಿದ್ದಕ್ಕೆಲ್ಲ ಆ್ಯಪಿನಲ್ಲಿ ದಾಖಲೆ ಇರುತ್ತದೆ. ಅದನ್ನು ಹಿಂದಕ್ಕೆ ಸರಿಸುತ್ತ ಹೋದರೆ ಆ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾರು ‘ನನಗೇನೂ ಬೇಡ ಬಿಡಿ’ ಎನ್ನುತ್ತಾರೆ ಎಂದು ಹೊರಗಿನವರೂ ಹೇಳಿಬಿಡಬಹುದು. ಪರರಿಗೆ ತೋರಿಸಬಾರದ್ದು ಪಾಸ್‌ಬುಕ್ ಅಂತಿದ್ದೆ, ಈ ಪಟ್ಟಿ ಅದಕ್ಕಿಂತ ಗುಟ್ಟಿನದು.

ಗೋಡೆ ಇಲ್ಲದಿದ್ದರೂ ನಿಜವಾಗಿ ಕೆಲಸ ಮಾಡುವವು ವರ್ಷಕ್ಕೊಮ್ಮೆ ಬಂದೆರಗುವ ಖರ್ಚಿನ ಲಕೋಟೆಗಳು. ವಿಮೆ ಕಂತು ವರ್ಷಕ್ಕೆ 12,000 ಆದರೆ ತಿಂಗಳಿಗೆ 1,000 ಎತ್ತಿಡುವುದು ಯಾರಿಗೂ ಗೊತ್ತಿರುವ ಲೆಕ್ಕ. ಆದರೆ ಶುರು ಮಾಡುವಾಗ ಕಂತಿಗೆ ಐದೇ ತಿಂಗಳು ಉಳಿದಿದ್ದರೆ ಮೊದಲ ಸಲ ತಿಂಗಳಿಗೆ 2,400 ಇಡಬೇಕು. ಆ್ಯಪ್ ಸೇರಿದವರು ಮೊದಲ ತಿಂಗಳುಗಳಲ್ಲಿ ಬೇಸತ್ತು ಬಿಡುವುದು ಬಹುಶಃ ಇಲ್ಲೇ. ಹಳೆಯ ವರ್ಷದ ಬಾಕಿ ಹೊಸ ಲೆಕ್ಕದ ತಲೆಯ ಮೇಲೆ ಬಿದ್ದು, ಬಡತನ ಬಂದದ್ದೇ ಆ್ಯಪಿನಿಂದ ಅನ್ನಿಸುತ್ತದೆ. ಒಂದು ಸುತ್ತು ಕಳೆದರೆ ಸರಿಹೋಗುತ್ತದೆ.

‘ಇತರೆ’ ಎಂಬ ಲಕೋಟೆಯ ಬಗ್ಗೆ ಹೆಚ್ಚು ಹೇಳಲಾರೆ. ಅದು ಎಲ್ಲರ ಮನೆಯಲ್ಲೂ ಇದೆ, ಎಲ್ಲರ ಮನೆಯಲ್ಲೂ ಊದುತ್ತಿದೆ. ಅದನ್ನು ಅಳಿಸಿಹಾಕಿದವರನ್ನು ಕಂಡಿದ್ದೇನೆ. ಅವರ ಮನೆಯಲ್ಲಿ ‘ಉಡುಗೊರೆ’ ಊದತೊಡಗಿತು.

ಗುಡ್‌ಬಜೆಟ್‌ನಂಥ ಆ್ಯಪ್‌ಗಳಲ್ಲಿ ಒಂದು ಮನೆಯ ಲಕೋಟೆಗಳು ಇಬ್ಬರ ಫೋನಿನಲ್ಲೂ ಕಾಣುತ್ತವೆ. ಇದು ದಾಂಪತ್ಯಕ್ಕೆ ಒಳ್ಳೆಯದು ಎನ್ನುವವರಿದ್ದಾರೆ. ನಾನು ಅಷ್ಟು ದೂರ ಹೋಗಲಾರೆ, ಜಗಳದ ವಿಷಯ ಬದಲಾಗುತ್ತದೆ ಎನ್ನಬಲ್ಲೆ. ಮುಂಚೆ ‘ಅಷ್ಟೊಂದು ಯಾಕೆ ಖರ್ಚು ಮಾಡಿದೆ?’ ಎಂಬ ಪ್ರಶ್ನೆ ಇರುತ್ತಿತ್ತು. ಅದಕ್ಕೆ ಉತ್ತರವಿಲ್ಲ, ಕಣ್ಣೀರು ಮಾತ್ರ. ಈಗಿನದು ವಿಂಗಡಣೆಯ ತಕರಾರು. ನಮ್ಮವರು ಓಟದ ಬೂಟು ತಂದ ಸಂಜೆ ಹೀಗಾಯಿತು:

“ಆರೋಗ್ಯದಿಂದ ಕಳೆದಿದ್ದೀನಿ ಕಣೇ.”

“ಬೂಟು ಬಟ್ಟೆಬರೆಗೆ ಸೇರಬೇಕಲ್ವೇನ್ರೀ?”

“ಓಡೋದು ಆರೋಗ್ಯಕ್ಕೆ ತಾನೆ?”

“ಓಡಿದ ಮೇಲೆ ಆರೋಗ್ಯ. ಅಲ್ಲೀವರೆಗೆ ಬಟ್ಟೆಬರೆ.”

ಕೊನೆಗೆ ಅರ್ಧ ಅಲ್ಲಿ, ಅರ್ಧ ಇಲ್ಲಿ ಎಂದು ರಾಜಿಯಾಯಿತು. ಒಂದೇ ಬಿಲ್ಲನ್ನು ಹೀಗೆ ಎರಡು ಲಕೋಟೆಗೆ ಒಡೆಯುವ ಅನುಕೂಲ ಆ್ಯಪಿನಲ್ಲಿದೆ. ಅದನ್ನು ರೂಪಿಸಿದವರು ಸಂಸಾರವಂದಿಗರೇ ಇರಬೇಕು.

ರಾಜಿಯಾಗದೆ ಉಳಿದಿರುವುದು ತಿಂಗಳ ಕೊನೆಯ ಮಿಗುವರಿ. ದಿನಸಿಯಲ್ಲಿ ಒಂದಿಷ್ಟು ಉಳಿಯಿತು ಅನ್ನಿ. ಅದು ದಿನಸಿಯಲ್ಲೇ ಇದ್ದು ಮುಂದಿನ ತಿಂಗಳಿಗೆ ಸಾಗಬೇಕು ಎಂಬುದು ನನ್ನ ಪಕ್ಷ. ಇಲ್ಲ, ಎಲ್ಲವನ್ನೂ ಗುಡಿಸಿ ಮೇಲೆ ತಂದು ಮತ್ತೆ ಹೊಸದಾಗಿ ಹಂಚಬೇಕು ಎಂಬುದು ಅವರ ಪಕ್ಷ. ಉಳಿಸಿದವರ ಲಕೋಟೆಯಲ್ಲಿ ಉಳಿಕೆ ಇರಲಿ, ಇಲ್ಲದಿದ್ದರೆ ಉಳಿಸುವವರಿಗೇನು ಉತ್ಸಾಹ ಎನ್ನುತ್ತೇನೆ ನಾನು. ಹಣವೆಲ್ಲ ಒಂದೇ ಅಲ್ಲವೇ ಎಂದು ಅವರು ಇದ್ದಕ್ಕಿದ್ದಂತೆ ಅರ್ಥಶಾಸ್ತ್ರಜ್ಞರಾಗುತ್ತಾರೆ. ಆ್ಯಪಿನಲ್ಲಿ ಎರಡಕ್ಕೂ ಅವಕಾಶವಿದೆ, ಅದು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹಾಗಾಗಿ ತಿಂಗಳ ಕೊನೆಯ ರಾತ್ರಿ ಯಾರು ಮೊದಲು ಫೋನ್ ತೆರೆಯುತ್ತಾರೋ ಅವರ ಸಿದ್ಧಾಂತ ಜಾರಿಯಾಗುತ್ತದೆ. ನಾನು ಈಚೆಗೆ ಆ ರಾತ್ರಿ ಅಲಾರ್ಮ್ ಇಟ್ಟುಕೊಂಡು ಮಲಗುತ್ತೇನೆ.